ಟೈರು ಬರುವ ಮುಂಚೆ ಕೊಟ್ಟ ಅಳತೆ

ಚಾಮರಾಜನಗರ
ಭಾನುವಾರ, 16 ನವೆಂಬರ್ 2025

ಪ್ರೀತಿಯ ಅಬ್ಬಾಗೆ ಫರ್ಹೀನ್ ಮಾಡುವ ಸಲಾಂ.

ದಿನಾ ಫೋನ್ ಮಾಡುವವಳು ಪತ್ರ ಯಾಕೆ ಬರೆದಳು ಎಂದು ಗಾಬರಿಯಾಗಬೇಡಿ. ಜ್ವರ ಗಿರ ಏನಿಲ್ಲ. ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲಿ ನೀವು ‘ಜಾನೇ ದೋ ಬೇಟಿ, ಹೋಗಲಿ ಬಿಡು’ ಅಂದುಬಿಡುತ್ತೀರಿ. ಅದೂ ಅಲ್ಲದೆ ಗ್ಯಾರೇಜಿನಲ್ಲಿ ನಿಮ್ಮ ಫೋನ್ ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ. ನಾನು ಮಧ್ಯಾಹ್ನ ಏನು ತಿಂದೆ ಅನ್ನುವುದಕ್ಕೂ ವೆಲ್ಡಿಂಗ್ ಪುಟ್ಟಮಾದು ಮಾಮ ಪಕ್ಕದಿಂದ ಕಾಮೆಂಟ್ ಹೊಡೆಯುತ್ತಾರೆ. ನನಗೆ ಉರ್ದು ಬರೆಯಲು ಬರುವುದಿಲ್ಲ, ನಿಮಗೆ ಓದಲು ಬರುವುದು ನಾಲ್ಕನೇ ಕ್ಲಾಸಿನ ಕನ್ನಡವೊಂದೇ. ಅದಕ್ಕೇ ಅಕ್ಷರ ದಪ್ಪ ಮಾಡಿ ಬರೆಯುತ್ತಿದ್ದೇನೆ. ನಿಧಾನವಾಗಿ ನೀವೇ ಓದಿ. ಬೇರೆಯವರ ಕೈಯಲ್ಲಿ ಓದಿಸಬೇಡಿ.

ಇವತ್ತು ಹಾಸ್ಟೆಲಿನಲ್ಲಿ ನಮ್ಮ ಫ್ಲೋರಿಗೆಲ್ಲ ನಾನೊಬ್ಬಳೇ. ರೂಮ್‌ಮೇಟ್ ಬೃಂದಾ ಶನಿವಾರ ಬಂತೆಂದರೆ ಭೀಮನಬೀಡಿಗೆ ಹೊರಡುತ್ತಾಳೆ. ಗುಂಡ್ಲುಪೇಟೆವರೆಗೆ ಜೊತೆಗೆ ಬಾರೇ ಎಂದು ಪ್ರತಿ ಸಲ ಕರೆಯುತ್ತಾಳೆ. ನಾನು ಇಂಟರ್ನಲ್ಸ್ ಇದೆ ಅನ್ನುತ್ತೇನೆ. ಅವಳಿಗೂ ಅದೇ ಇಂಟರ್ನಲ್ಸ್, ಆದರೂ ಬ್ಯಾಗ್ ಎತ್ತಿಕೊಂಡು ಹೋಗುತ್ತಾಳೆ. ಬೆಳಿಗ್ಗೆ ಮೆಸ್ಸಿನಲ್ಲಿ ಅಡುಗೆ ನಾಗರತ್ನಮ್ಮ ನನ್ನೊಬ್ಬಳ ತಟ್ಟೆಗೆ ಉಪ್ಪಿಟ್ಟು ಹಾಕುತ್ತ, “ನಿಮ್ಮೂರೇನು ಡೆಲ್ಲೀಲಿ ಅದಾ? ಬಸ್ ಅತ್ತಿದ್ರೆ ಗುಂಡ್ಲುಪೇಟೆ ಕಣಮ್ಮಿ,” ಅಂದರು. ನಕ್ಕುಬಿಟ್ಟೆ. ಆಮೇಲೆ ರೂಮಿಗೆ ಬಂದು ಈ ಪತ್ರಕ್ಕೆ ಕೂತೆ.

ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದವಳು ನಾನು, ಒಂಟಿ ಭಾನುವಾರ ಹೊಸದೇನಲ್ಲ. ಮನೆಗೆ ಹೋಗಲು ಬಿಡದೆ ಇದ್ದದ್ದಕ್ಕೆ ಆಗ ಅಳುತ್ತಿದ್ದೆ. ಈಗ ಯಾರೂ ತಡೆಯುತ್ತಿಲ್ಲ, ನಾನೇ ಬರುತ್ತಿಲ್ಲ. ಕಾರಣ ಶಂಭುಲಿಂಗಪ್ಪನವರ ಫಿಯೆಟ್.

ದಪ್ಪ ಟೈರು ಹಾಕುವ ಹಳೇ ಕಾರಿಗೆ, ಹಿಂಬದಿ ಚಕ್ರಗಳನ್ನು ಹೊರುವ ಆಕ್ಸಲಿನ ಅಗಲವನ್ನು ನೀವು ಹೇಗೆ ತೀರ್ಮಾನ ಮಾಡುತ್ತೀರಿ ಎಂದು ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ. ಹೊಸ ಚಕ್ರ, ಟೈರು ಗ್ಯಾರೇಜಿಗೆ ಬರುವವರೆಗೆ ಟೇಪು ಮುಟ್ಟುವುದಿಲ್ಲ. ಬಂದ ಮೇಲೆ ಡಿಕ್ಕಿಗೆ ಈರುಳ್ಳಿ ಮೂಟೆ ಹೇರಿ, ರಸ್ತೆಯಲ್ಲಿ ಗಾಡಿ ಎಷ್ಟು ಕೂರುತ್ತದೋ ಅಷ್ಟು ಕೂರಿಸುತ್ತೀರಿ. ಎರಡೂ ಚಕ್ರಗಳನ್ನು ಮಡ್‌ಗಾರ್ಡಿನೊಳಗೆ ಇಟ್ಟಿಗೆ ಒತ್ತು ಕೊಟ್ಟು ನಿಲ್ಲಿಸಿ, ಒಳಗಡೆ ಹೊರಗಡೆ ಬೆರಳು ತೂರಿಸಿ ನೋಡುತ್ತೀರಿ. ಕೊನೆಗೆ ಒಂದು ಚಕ್ರದ ಬೋಲ್ಟ್ ಕೂರುವ ಜಾಗದಿಂದ ಇನ್ನೊಂದರದಕ್ಕೆ ದಾರ ಹಿಡಿದು ಗಂಟು ಹಾಕುತ್ತೀರಿ. ಆ ಗಂಟಿನಿಂದ ಗಂಟಿಗೆ ಎಷ್ಟೋ, ಅಷ್ಟೇ ಅಗಲಕ್ಕೆ ಗುಜರಿ ಜೀಪಿನ ಆಕ್ಸಲ್ ಕತ್ತರಿಸಿ ಕಾರಿಗೆ ಕೂರಿಸುತ್ತೀರಿ.

ದಸರಾ ರಜೆಗೆ ಬಂದಾಗ ಫಿಯೆಟ್ ಗ್ಯಾರೇಜಿನಲ್ಲಿ ಇಟ್ಟಿಗೆ ಕಟ್ಟೆಯ ಮೇಲೆ ನಿಂತಿತ್ತು. ಮೈಸೂರಿನ ಹಳೇ ಕಾರುಗಳ ಮೆರವಣಿಗೆಗೆ ತಮ್ಮ ತಂದೆಯ ಗಾಡಿಯನ್ನು ದಪ್ಪ ಟೈರು ಹಾಕಿ ತೆಗೆದುಕೊಂಡು ಹೋಗಬೇಕು ಎಂದು ಶಂಭುಲಿಂಗಪ್ಪ ಈರುಳ್ಳಿ ಮಂಡಿಯಿಂದ ದಿನಕ್ಕೆರಡು ಸಲ ಬಂದು ಕೇಳುತ್ತಿದ್ದರು. ಮೈಸೂರಿನಲ್ಲಿ ಅಗಲ ಮಾಡಿಸಲು ಕೊಟ್ಟ ಚಕ್ರ ಇನ್ನೂ ಬಂದಿರಲಿಲ್ಲ. ಕಾಯುವುದು ಯಾಕೆ, ನಾನು ಕ್ಯಾಲ್ಕುಲೇಟ್ ಮಾಡಿ ಕೊಡುತ್ತೇನೆ ಅಂದೆ.

ಆವತ್ತು ಪುಟ್ಟಮಾದು ಮಾಮ, “ಟೈರ್ ಬರ್ಲಿ ತಡಿ ಕಣಮ್ಮಿ. ಕೂಸು ಉಟ್ಟೋಕ್ ಮುಂಚೆ ಅಂಗಿ ಒಲಿತೀಯಾ?” ಅಂದರು. ನೀವು ಅವರ ಬಾಯಿ ಮುಚ್ಚಿಸಿದಿರಿ. “ನನ್ನ ಮಗಳು ಓದ್ತಿರೋದು ಇದನ್ನೇ, ಗೊತ್ತಾ?” ಅಂದಿರಿ. ಅಬ್ಬಾ, ಫಸ್ಟ್ ಇಯರಿನಲ್ಲಿ ಆಕ್ಸಲ್ ಇಲ್ಲ. ಇಲ್ಲಿ ಕ್ಲಾಸಿನಲ್ಲಿ ನಾನು ಒಂದು ದಿನವೂ ಕೈ ಎತ್ತಿಲ್ಲ. ಬೇರೆಯವರು ಇಂಗ್ಲಿಷಿನಲ್ಲಿ ಪಟಪಟ ಡೌಟ್ ಕೇಳುತ್ತಾರೆ, ನನ್ನ ಇಂಗ್ಲಿಷ್ ಪೇಪರಿನ ಮೇಲೆ ಸರಿ ಇರುತ್ತದೆ, ಬಾಯಿಗೆ ಬರುವಷ್ಟರಲ್ಲಿ ಬೆಲ್ ಹೊಡೆದಿರುತ್ತದೆ. ನಾನು ಇಂಜಿನಿಯರ್ ಆಗಿದ್ದದ್ದು ನಿಮ್ಮ ಗ್ಯಾರೇಜಿನಲ್ಲಿ ಮಾತ್ರ. ಅದನ್ನು ಬಿಡಲು ಮನಸ್ಸಾಗಲಿಲ್ಲ.

ಮಡ್‌ಗಾರ್ಡಿನಿಂದ ಮಡ್‌ಗಾರ್ಡಿಗೆ ಅಳೆದೆ. ಟೈರಿನ ಅಗಲ ಕಳೆದೆ. ಬೋಲ್ಟ್ ಕೂರುವ ಜಾಗ ಚಕ್ರದ ಸರಿ ಮಧ್ಯದಲ್ಲಿ ಇರುತ್ತದೆ ಎಂದುಕೊಂಡೆ. ಯಾಕೆಂದರೆ ಮೊಬೈಲಿನಲ್ಲಿ ನೋಡಿದ ಚಿತ್ರದಲ್ಲಿ ಹಾಗಿತ್ತು. ಚೀಟಿಯಲ್ಲಿ ನಲವತ್ತೆಂಟು ಇಂಚು ಎಂದು ಬರೆದು, ಅಡಿಯಲ್ಲಿ ಸೈನ್ ಕೂಡ ಹಾಕಿ, ಕಟರ್ ಹಿಡಿದಿದ್ದ ಅಣ್ಣ ಆದಿಲ್ ಭಾಯ್ ಕೈಗೆ ಕೊಟ್ಟೆ. ನೀವು ಅದನ್ನು ನೋಡಲೂ ಇಲ್ಲ. ತಂಗಿ ಬರೆದ ಹಾಗೆ ಕತ್ತರಿಸು ಅಂದಿರಿ.

ನಾನು ಕಾಲೇಜಿಗೆ ವಾಪಸ್ ಬಂದ ಮೇಲೆ ಚಕ್ರ ಬಂತು. ಮೈಸೂರಿನವರು ಅಗಲವನ್ನೆಲ್ಲ ಒಳಗಿನ ಕಡೆಗೇ ಸೇರಿಸಿದ್ದರು. ಟೈರು ಎರಡೂ ಕಡೆ ಎರಡೆರಡು ಇಂಚು ಒಳಗೆ ಹೋಗಿ ಸ್ಪ್ರಿಂಗ್ ಪಟ್ಟಿಗೆ ಉಜ್ಜಿತು. ಬೇಕಿದ್ದದ್ದು ಐವತ್ತೆರಡು. ಉದ್ದ ಇದ್ದಿದ್ದರೆ ಇನ್ನೊಮ್ಮೆ ಕತ್ತರಿಸಬಹುದಿತ್ತು. ಗಿಡ್ಡ ಆದದ್ದಕ್ಕೆ ತುಂಡು ಸೇರಿಸಿ, ಅದರ ಮೇಲೆ ಮನುಷ್ಯರನ್ನು ಕೂರಿಸಿ ಕಳಿಸುವವರಲ್ಲ ನೀವು.

ಶಂಭುಲಿಂಗಪ್ಪ ಎದುರಿಗೇ ನಿಂತಿದ್ದರಂತೆ. ಚೀಟಿಯಲ್ಲಿ ಐವತ್ತೆರಡೇ ಇತ್ತು, ತಾನೇ ಗುರುತು ತಪ್ಪಿ ನಲವತ್ತೆಂಟಕ್ಕೆ ಕತ್ತರಿಸಿದ್ದು ಎಂದು ಭಾಯ್ ಹೇಳಿದನಂತೆ. ನೀವು ಚೀಟಿ ಎಲ್ಲಿ ಎಂದು ಕೇಳಲಿಲ್ಲವಂತೆ. ಇನ್ನು ನನ್ನ ಕಟರ್ ಮುಟ್ಟಬೇಡ ಅಂದಿರಂತೆ, ಎಲ್ಲರ ಮುಂದೆ. ಇದೆಲ್ಲ ಅಮ್ಮಿ ಫೋನಿನಲ್ಲಿ ಹೇಳಿದ್ದು. ಭಾಯ್ ಈಗ ಹಂಗಳದ ಪಂಕ್ಚರ್ ಅಂಗಡಿಯಲ್ಲಿ ಕೆಲಸ ಮಾಡಿಕೊಂಡು ಅಲ್ಲೇ ಮಲಗುತ್ತಾನೆ, ಹಬ್ಬಕ್ಕೆ ಹೊಲಿಸಿದ ಶರ್ಟನ್ನೂ ತೆಗೆದುಕೊಂಡು ಹೋಗಿಲ್ಲ ಎಂದು ಅತ್ತರು. ನೀವು ಮಾತ್ರ ಫೋನಿನಲ್ಲಿ ಅವನ ಹೆಸರು ಎತ್ತುವುದಿಲ್ಲ. ನನ್ನ ಕ್ಲಾಸು, ನನ್ನ ಊಟ, ನನ್ನ ಮಾರ್ಕ್ಸ್, ಇಷ್ಟೇ ಕೇಳುತ್ತೀರಿ. ಮೊನ್ನೆ ‘ನಿನ್ನ ಅಣ್ಣನಿಗೆ ನಿನ್ನ ಬುದ್ಧಿ ಕಾಲುಭಾಗ ಇದ್ದಿದ್ದರೆ’ ಅಂದಿರಿ. ಸಿಗ್ನಲ್ ಇಲ್ಲ ಎಂದು ನಾನು ಫೋನ್ ಇಟ್ಟೆ. ಸಿಗ್ನಲ್ ಇತ್ತು.

ಅಬ್ಬಾ, ಭಾಯ್ ತಪ್ಪಿಲ್ಲ. ಅವನು ಚೀಟಿಯಲ್ಲಿ ಇದ್ದ ಹಾಗೆಯೇ, ಒಂದು ನೂಲೂ ಆಚೀಚೆ ಇಲ್ಲದೆ ಕತ್ತರಿಸಿದ. ತಪ್ಪು ನನ್ನದು. ಅವನು ಯಾಕೆ ಸುಳ್ಳು ಹೇಳಿದನೋ ನನಗೆ ಗೊತ್ತಿಲ್ಲ. ತಂಗಿ ಮೇಲಿನ ಪ್ರೀತಿ ಇರಬೇಕು.

ಬೇರೆ ಆಕ್ಸಲಿಗೆ ಅಳತೆ ಕೊಡು ಎಂದು ನೀವು ನನ್ನನ್ನು ಕೇಳಬೇಡಿ. ಹಂಗಳಕ್ಕೆ ಹೋಗಿ ಅವನನ್ನು ಕರೆದುಕೊಂಡು ಬನ್ನಿ. ಫೋನ್ ಮಾಡಿದರೆ ಅವನು ಬರುವುದಿಲ್ಲ, ನೀವೇ ಹೋಗಬೇಕು. ಎಲ್ಲರ ಮುಂದೆ ಬೈದದ್ದು, ಎಲ್ಲರ ಮುಂದೆಯೇ ಕಟರ್ ಅವನ ಕೈಗೆ ಕೊಡಿ. ಶಂಭುಲಿಂಗಪ್ಪನವರಿಗೂ ಪುಟ್ಟಮಾದು ಮಾಮನಿಗೂ ನನ್ನ ಹೆಸರನ್ನೇ ಹೇಳಿ. ನಗಲಿ.

ಅಮ್ಮಿಗೆ ಸಲಾಂ ಹೇಳಿ. ಬಿಸಿಲಿನಲ್ಲಿ ವೆಲ್ಡಿಂಗ್ ಮಾಡುವಾಗ ಕನ್ನಡಕ ಹಾಕಿಕೊಳ್ಳಿ.

ನಿಮ್ಮ ಮಗಳು
ಫರ್ಹೀನ್

ಮರೆತ ಮಾತು: ಮರೆತದ್ದಲ್ಲ. ಮೇಲೆ ಒಂದು ಕಡೆ ಸುಳ್ಳು ಬರೆದಿದ್ದೇನೆ, ಪತ್ರ ಹರಿದು ಮತ್ತೆ ಬರೆದರೆ ಪೋಸ್ಟ್ ಮಾಡುವ ಧೈರ್ಯ ಹೋಗುತ್ತದೆ. ಭಾಯ್ ತಾನಾಗಿ ಹಾಗೆ ಹೇಳಲಿಲ್ಲ. ಟೈರು ಉಜ್ಜಿದ ತಕ್ಷಣ ಅವನು ಗ್ಯಾರೇಜಿನ ಹಿಂದೆ ನಿಂತು ಮೊದಲು ನನಗೆ ಫೋನ್ ಮಾಡಿದ್ದ. ನೀನೇ ತಪ್ಪಿ ಕತ್ತರಿಸಿದೆ ಅಂತ ಹೇಳು, ಅಬ್ಬಾ ನನ್ನನ್ನು ದಡ್ಡಿಯ ಹಾಗೆ ನೋಡುವುದನ್ನು ತಡೆದುಕೊಳ್ಳಲು ನನ್ನಿಂದ ಆಗುವುದಿಲ್ಲ ಎಂದು ಅತ್ತವಳು ನಾನು. ಅವನು “ಎಷ್ಟು ದಿನಕ್ಕೆ?” ಅಂತ ಕೇಳಿದ. ಒಂದು ವಾರ, ಆಮೇಲೆ ನಾನೇ ಹೇಳುತ್ತೇನೆ ಅಂದೆ. ಇವತ್ತಿಗೆ ಮೂವತ್ತೆಂಟು ದಿನ. ಅವನು ಒಂದು ಸಲವೂ ಕೇಳಿಲ್ಲ.