ಚಿಕ್ಕಪ್ಪ ಮಸೆದು ಸವೆಸಿದ ಚಾಕು

ಪ್ರೀತಿಯ ಚಿಕ್ಕಪ್ಪನಿಗೆ, ನಿಮ್ಮ ವೈರಿಂಗ್ ಶಿಷ್ಯೆಯ ನಮಸ್ಕಾರ.

ನೀವು ಕೊಟ್ಟ ಮಡಚುವ ಚಾಕು ಇವತ್ತು ನನ್ನನ್ನು ಸಿಕ್ಕಿಸಿಹಾಕಿ, ಆಮೇಲೆ ತಾನೇ ಬಿಡಿಸಿತು. ನೀವು ಹೇಳಿದಂತೆ ವಿಮಾನ ಹತ್ತುವಾಗ ಅದನ್ನು ಕೈಚೀಲದಲ್ಲಿಡದೆ ದೊಡ್ಡ ಪೆಟ್ಟಿಗೆಗೆ ಹಾಕಿದ್ದೆ, ಯಾರೂ ಕೇಳಲಿಲ್ಲ. ಇವತ್ತು ಕೆಲಸ ಮುಗಿಸಿ ಬರುವಾಗ ರೈಲು ನಿಲ್ದಾಣದ ಬಾಗಿಲಲ್ಲಿ ಪೊಲೀಸಮ್ಮ ಚೀಲ ತೆಗೆಸಿದಳು. ಚಾಕು ಕಂಡದ್ದೇ ತಡ, ಜೇಬಿನಿಂದ ಸ್ಕೇಲು ಹೊರಗೆ ಬಂತು! ಅಲಗು ಎಷ್ಟುದ್ದ ಇರಬಹುದೆಂದು ಈ ದೇಶದಲ್ಲಿ ಕಾನೂನೇ ಇದೆಯಂತೆ. ಮೀರಿದರೆ ಚಾಕು ಜಪ್ತಿ, ನನ್ನ ಕೆಲಸದ ಪರವಾನಗಿಗೂ ಕುತ್ತು. ಅವಳು ಅಲಗಿಗೆ ಸ್ಕೇಲು ಹಿಡಿದು ಅಳೆದಳು. ನಿಮ್ಮ ಚಾಕು ಕಾನೂನಿನ ಅಳತೆಗಿಂತ ಒಂದು ಅಕ್ಕಿಕಾಳಿನಷ್ಟು ಗಿಡ್ಡ! ಅವಳು ನಕ್ಕು ವಾಪಸು ಕೊಟ್ಟಳು.

ಜೊತೆಗಿದ್ದ ನಮ್ಮ ಕಡೆಯವರೇ ಆದ ಮೇಸ್ತ್ರಿ, "ಹೊಸದಾಗಿದ್ದಿದ್ರೆ ಇವತ್ತು ಠಾಣೇಲೇ ಊಟ ಆಗಿರೋದು ಕಣಮ್ಮ. ಇದನ್ನ ಇಷ್ಟು ಸವೆಸಿದ ಪುಣ್ಯಾತ್ಮ ಯಾರು?" ಅಂದರು. "ಮಸೆದೂ ಮಸೆದೂ ಹಿಡಿ ಒಂದೇ ಉಳಿಸ್ತೀರಿ ನೋಡಿ" ಎಂದು ಚಿಕ್ಕಮ್ಮ ದಿನಾ ಬೈಯುತ್ತಿದ್ದದ್ದು ನೆನಪಾಗಿ ನಿಲ್ದಾಣದಲ್ಲೇ ನಕ್ಕೆ.

ನೆಗಡಿ ಹೋಗಿದೆ, ಹೊಟ್ಟೆತುಂಬ ಉಣ್ಣುತ್ತಿದ್ದೇನೆ. ಕಾರ್ಡಿನಲ್ಲಿ ಜಾಗ ಮುಗಿಯಿತು.

ಚಿಕ್ಕಮ್ಮಾ, ಅಂಚೆಯವರ ಕೈಯಿಂದ ಈಸಿಕೊಂಡು ಇದನ್ನು ಮೊದಲು ಓದುತ್ತಿರುವವರು ನೀವೇ ಎಂದು ನನಗೆ ಗೊತ್ತು. ಅಕ್ಕಿ ಡಬ್ಬದ ಹಿಂದೆ ನೀವು ಬಚ್ಚಿಟ್ಟಿರುವ ಸಾಣೆಕಲ್ಲನ್ನು ಚಿಕ್ಕಪ್ಪನಿಗೆ ಕೊಟ್ಟುಬಿಡಿ.

ನಿಮ್ಮಿಬ್ಬರ ಮಗಳು