ತಟ್ಟೆಗೆ ಸವರಿದ ಸಾರು

ಸಾರಕ್ಕಿ
೯ ಫೆಬ್ರವರಿ ೨೦೨೫, ಭಾನುವಾರ

ನನ್ನ ಮುದ್ದು ಸಮು,

ಮದುವೆಯಾಗಿ ಎರಡು ತಿಂಗಳಾದರೂ ಒಂದು ಸಾಲು ಬರೆಯಲಿಲ್ಲ ಅಂತ ಬೈಯಬೇಡ ಕಣೇ. ಫೋನಿನಲ್ಲಿ ಪಿಸುಗುಟ್ಟಿದರೂ ಈ ಮನೆಯಲ್ಲಿ ನಡುಮನೆಗೆ ಕೇಳುತ್ತದೆ. ಕಾಗದ ಬರೆದರೆ, ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನ್ನ ಕನ್ನಡ ಅಕ್ಷರ ವಾರೆಯಾಯಿತು ಅಂತ ನಾನೇ ಹರಿದು ಹಾಕುತ್ತೇನೆ.

ದಿನೇಶ್ ಎಷ್ಟು ಒಳ್ಳೆಯವನು ಗೊತ್ತಾ! ಬೆಳಿಗ್ಗೆ ಕಾಫಿ ಅವನೇ ತರುತ್ತಾನೆ, ಸಂಜೆ ಕೆರೆಯ ಕಡೆ ಸುತ್ತಾಡಿಸುತ್ತಾನೆ. ನನಗೆ ಹುಚ್ಚು ಹಿಡಿಯುವಷ್ಟು ಖುಷಿ. ಇದೆಲ್ಲ ಎಲ್ಲಿ ಕೈತಪ್ಪುತ್ತದೋ ಅಂತ ಅಷ್ಟೇ ಭಯ.

ಅತ್ತೆಗೆ ನಾನೆಂದರೆ ಹೆಮ್ಮೆ. ಡಬ್ಬಿಗಳನ್ನು ಎತ್ತರ ನೋಡಿ ಜೋಡಿಸುತ್ತೇನಲ್ಲ, ಇಂಥ ಅಚ್ಚುಕಟ್ಟು ಸೊಸೆ ಯಾರಿಗೆ ಸಿಗುತ್ತಾಳೆ ಅಂತ ಬಾಡಿಗೆಯವರಿಗೆಲ್ಲ ಹೇಳುತ್ತಾರಂತೆ. ಸಾರಿಗೆ ಉಪ್ಪು ಹೆಚ್ಚಾಯಿತು ಅಂತ ಮಾವ ಅಂದರೆ ದಿನವಿಡೀ ನನಗೆ ಅದೇ ಕೊರೆತ ಅನ್ನುವುದು ಅವರಿಗೆ ಗೊತ್ತಿಲ್ಲ. ಊಟ ಬಿಟ್ಟು ಕಡ್ಡಿಯಾಗಿದ್ದ ನಮ್ಮಿಬ್ಬರಿಗೂ ಆಸ್ಪತ್ರೆಯಲ್ಲಿ ಡಾಕ್ಟರ್ ಹೇಳಿದ್ದು ನೆನಪಿದೆಯಾ? ಕಾಯಿಲೆ ಹೋದರೂ ಎಲ್ಲ ಅಚ್ಚುಕಟ್ಟಾಗಿರಬೇಕು ಅನ್ನುವ ಸ್ವಭಾವ ಉಳಿಯುತ್ತದೆ, ಅದನ್ನು ತಟ್ಟೆಯ ಹತ್ತಿರ ಬರಲು ಮಾತ್ರ ಬಿಡಬೇಡಿ ಅಂತ. ನಾನು ಬಿಟ್ಟಿಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಒಬ್ಬಳೇ ಕೂತಾಗಲೂ ಹೊಟ್ಟೆ ತುಂಬ ತಿನ್ನುತ್ತೇನೆ, ನಿನ್ನಾಣೆ.

ದಿನೇಶ್‌ಗೆ ಏನೂ ಹೇಳಿಲ್ಲ. "ಹುಷಾರಾಯ್ತಲ್ಲ, ಯಾಕೆ ಕೆದಕ್ತೀಯ?" ಅಂದಿದ್ದಳು ಅಮ್ಮ.

ನಾದಿನಿ ಸಿರಿ ಪಿಯುಸಿ ಓದುತ್ತಿದ್ದಾಳೆ, ಸದಾ ನನ್ನ ಹಿಂದೆಯೇ. ಅತ್ತಿಗೆಯನ್ನು ನೋಡಿ ಕಲಿ ಅಂತ ಅತ್ತೆ ಹೇಳುತ್ತಲೇ ಇರುತ್ತಾರೆ. ಅವಳ ಪುಸ್ತಕಗಳೂ ಈಗ ಎತ್ತರದ ಪ್ರಕಾರ ನಿಂತಿವೆ. ಬಡಿಸುವ ಕೆಲಸವೂ ತನಗೇ ಬೇಕಂತೆ. "ನೀವು ಕೂತ್ಕೊಳ್ಳಿ ಅತ್ತಿಗೆ, ನಾನು ಆಮೇಲೆ ತಿಂತೀನಿ."

ಚೆನ್ನಾಗಿರು. ನಿನ್ನ ಮನೆ, ನಿನ್ನ ಮನಸ್ಸು ಎರಡೂ ತಣ್ಣಗಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಹೇಮಾ

ತಾ.ಕ.: ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಿನ್ನೆ ಸಿರಿಯ ತಟ್ಟೆ ಸಿಂಕಿನಲ್ಲಿತ್ತು. ತುಂಬ ಸಾರು, ಅಂಚಿನಲ್ಲಿ ಒಂದಿಷ್ಟು ಅಗುಳು. ಊಟವಾಗಿದೆ ಅಂದುಕೊಂಡರು ಅತ್ತೆ. ಆದರೆ ಅನ್ನ ಕಲಸಿದ ಬೆರಳಿನ ಗುರುತೇ ಇಲ್ಲ. ಸೌಟಿನ ಬೆನ್ನಿನಿಂದ ಸವರಿದ್ದು. ಊಟ ಬಿಟ್ಟಿದ್ದಾಗ ನಾನೂ ಹಾಗೇ ಸವರುತ್ತಿದ್ದೆ, ಸಮು. ನನ್ನ ಅಚ್ಚುಕಟ್ಟು ನೋಡಿ ಹೀಗಾದಳಾ, ಮೊದಲೇ ಇತ್ತಾ, ಗೊತ್ತಿಲ್ಲ. ಈ ಮನೆಯಲ್ಲಿ ಅದನ್ನು ಗುರುತಿಸಬಲ್ಲವಳು ನಾನೊಬ್ಬಳೇ. ನಿನಗೆ ಹೇಗೆ ಗೊತ್ತು ಅಂತ ಮನೆಯವರು ಕೇಳಿದರೆ ನನ್ನದೆಲ್ಲ ಹೇಳಲೇಬೇಕು.

ತಲೆನೋವು ಅಂತ ರೂಮಿನಲ್ಲಿ ಕೂತಿದ್ದೇನೆ. ಉಳಿದವರ ಊಟ ಮುಗಿಯಿತು, ಸಿರಿ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಳೆ. ಹೋಗಿ ಎರಡು ತಟ್ಟೆ ಹಾಕುತ್ತೇನೆ. ಸಂಜೆ ಕೆರೆಯ ಹತ್ತಿರ ದಿನೇಶ್‌ಗೆ ಹೇಳುತ್ತೇನೆ. ಈ ಸಾಲುಗಳೆಲ್ಲ ವಾರೆಯಾಗಿವೆ. ಹರಿಯುವುದಿಲ್ಲ, ಹಾಗೇ ಕಳಿಸುತ್ತೇನೆ.