ಕೆಂಪು ಬಟನ್ನಿನ ಜಾಗಕ್ಕೆ ಅಂಟಿಸಿದ ನಗುಮುಖ

ಸಿಬ್ಬಂದಿ ತರಬೇತಿ ಮತ್ತು ಉತ್ಸಾಹವರ್ಧನೆ ವಿಭಾಗದ ಮಾನ್ಯ ಮುಖ್ಯಸ್ಥರೇ,

ಆಸ್ಪತ್ರೆಗಳ ಹಾಸುಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ನಮ್ಮ ಲಾಂಡ್ರಿಯ ದೊಡ್ಡ ರೋಲರ್ ಯಂತ್ರಕ್ಕೆ, ಆಪತ್ತಿನಲ್ಲಿ ಒತ್ತಿ ನಿಲ್ಲಿಸುವ ಕೆಂಪು ಬಟನ್ ಇಲ್ಲ. ತಾವು ನಮ್ಮ ಫೋನುಗಳಿಗೆ ಹಾಕಿಸಿಕೊಟ್ಟ ತರಬೇತಿ ಆಟದಲ್ಲಿ ಇದೆ. ಅಲ್ಲಿ ಅದು ಮಿಣಮಿಣ ಹೊಳೆಯುತ್ತದೆ, ಒತ್ತಿದರೆ ಚಪ್ಪಾಳೆಯ ಸದ್ದು ಬರುತ್ತದೆ, ಒಂದು ನಕ್ಷತ್ರವೂ ಸಿಗುತ್ತದೆ. ನಿಜವಾದ ಯಂತ್ರದಲ್ಲಿ ಅದು ಕಿತ್ತುಹೋಗಿ ಬರೀ ತೂತು ಉಳಿದಿತ್ತು. ತಮ್ಮ ವಿಭಾಗದವರು ಬಂದು ‘ನಗುನಗುತ್ತಾ ದುಡಿಯೋಣ’ ಎಂಬ ಹಳದಿ ನಗುಮುಖದ ಸ್ಟಿಕ್ಕರ್ ಅಂಟಿಸಿ ಆ ತೂತನ್ನೂ ಮುಚ್ಚಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಮಾತನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಳೆದ ತಿಂಗಳು, ನನ್ನ ಜೊತೆ ಇಲ್ಲೇ ದುಡಿಯುವ ನನ್ನ ಅಕ್ಕನ ಮಗಳು ಆ ಸ್ಟಿಕ್ಕರಿನ ಮೇಲೆ ಬಲಗೈಯಿಂದ ಬಡಿಯುತ್ತಿದ್ದಾಗ ಅವಳ ಎಡಗೈ ರೋಲರಿನೊಳಗೆ ಸಿಕ್ಕಿತ್ತು. ಈ ಪತ್ರ ಅದಕ್ಕಾಗಿ.

ಹಾಗಂತ ತಮ್ಮ ವಿಭಾಗದಿಂದ ನಮಗೆ ಉಪಕಾರವೇ ಆಗಿಲ್ಲ ಎಂದರೆ ನನ್ನ ಬಾಯಲ್ಲಿ ಹುಳ ಬಿದ್ದೀತು. ತಮ್ಮ ಮೊದಲ ಸುತ್ತೋಲೆ ನೆನಪಿದೆಯೇ? ‘ಶನಿವಾರ ಸಿಬ್ಬಂದಿ ಎಂಗೇಜ್‌ಮೆಂಟ್, ಕುಟುಂಬದವರಿಗೂ ಸ್ವಾಗತ’ ಎಂದು ಬಾಗಿಲಿಗೆ ಹಚ್ಚಿದ್ದಿರಿ. ನಮ್ಮ ಭಾಷೆಯಲ್ಲಿ ಎಂಗೇಜ್‌ಮೆಂಟ್ ಎಂದರೆ ಒಂದೇ ಅರ್ಥ: ಹುಡುಗ, ಹುಡುಗಿ, ಉಂಗುರ. ಮಗಳದ್ದೇ ಇರಬೇಕೆಂದು ಅಕ್ಕ ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಬಟ್ಟೆ ಉಟ್ಟು, ಸಿಹಿಯ ಡಬ್ಬಿ ಹಿಡಿದು ಬಂದೇಬಿಟ್ಟಳು. ಒಳಗೆ ನೋಡಿದರೆ ತಮ್ಮ ತರಬೇತುದಾರರು ಎಲ್ಲರನ್ನೂ ದುಂಡಗೆ ನಿಲ್ಲಿಸಿ, ಒಬ್ಬರ ಮೇಲೊಬ್ಬರು ಚೆಂಡು ಎಸೆಯುತ್ತಾ, ನೀವು ಹಣ್ಣಾಗಿದ್ದರೆ ಯಾವ ಹಣ್ಣಾಗುತ್ತಿದ್ದಿರಿ ಎಂದು ಕೇಳುತ್ತಿದ್ದರು. ಬಾಯ್ಲರ್ ನೋಡಿಕೊಳ್ಳುವ ನಮ್ಮ ಹಬೆಯಜ್ಜ, ತಾನು ಆಗಲೇ ಹಣ್ಣಾಗಿ ಬಹಳ ಕಾಲವಾಯಿತು ಎಂದು ಹೇಳಿ ಚೆಂಡನ್ನು ಪಕ್ಕಕ್ಕೆ ದಾಟಿಸಿದ.

ಅಕ್ಕ ನಡುವೆ ಬಂದು ನಿಂತು ಕೇಳಿದಳು: “ಎಲ್ಲಾ ಸರಿ, ಹುಡುಗ ಯಾರು?”

ಹಾಸುಬಟ್ಟೆಯ ಗಂಟು ಸಾಗಿಸುವ ವ್ಯಾನಿನ ಡ್ರೈವರ್, ತನ್ನ ಗುಟ್ಟು ರಟ್ಟಾಯಿತೆಂದುಕೊಂಡು, ತಲೆ ತಗ್ಗಿಸಿ ಮುಂದೆ ಬಂದ. ಅಕ್ಕನ ಮಗಳ ಮುಖ ಕೆಂಪಾಯಿತು. ಎರಡು ವರ್ಷದಿಂದ ನನ್ನ ಕಣ್ಣೆದುರೇ ನಡೆದಿದ್ದು ನನಗೂ ಗೊತ್ತಾಗಿರಲಿಲ್ಲ. ಸಂಬಂಧ ಅಲ್ಲೇ ಕುದುರಿತು, ಸಿಹಿ ಹಂಚಿದೆವು, ತಮ್ಮ ತರಬೇತುದಾರರೂ ತಿಂದರು. ತಮ್ಮ ವಿಭಾಗ ಹುಟ್ಟಿದ ಮೇಲೆ ನಮ್ಮಲ್ಲಿ ನಡೆದ ನಿಜವಾದ ಎಂಗೇಜ್‌ಮೆಂಟಿನ ಮಾತು ಅದೊಂದೇ.

ಆ ಎಡವಟ್ಟಿನ ನಂತರ ತಾವು ಹೆಸರು ಬದಲಿಸಿ ‘ತೊಡಗಿಸಿಕೊಳ್ಳುವಿಕೆ’ ಎಂದಿರಿ. ಹಬೆಯಜ್ಜನಿಗೆ ಅದನ್ನು ಹೇಳಲು ಬಾಯಿ ತಿರುಗದೆ ‘ತೊಡರಿಸಿಕೊಳ್ಳುವಿಕೆ’ ಎಂದೇ ಕರೆದ. ನಾವೆಲ್ಲ ನಕ್ಕೆವು. ಆಮೇಲೆ ಆಟ ಬಂತು, ನಕ್ಷತ್ರ ಬಂತು, ವಾರದ ವಿಜೇತರ ಫೋಟೋ ಬಂತು. ನನ್ನಂಥವಳಿಗೆ ಊಟದ ಬಿಡುವಿನಲ್ಲಿ ಕಾಲು ಚಾಚುವುದೇ ದೊಡ್ಡ ಬಹುಮಾನವಾದ್ದರಿಂದ ನನ್ನ ಹೆಸರಿನ ಮುಂದೆ ಇಂದಿಗೂ ಬೂದು ಬಣ್ಣದ ಅಳುಮುಖವಿದೆ. ಅಕ್ಕನ ಮಗಳು ಹಾಗಲ್ಲ, ಹೇಳಿದ್ದನ್ನು ಕಲಿಯುವವಳು. ‘ಸುರಕ್ಷಾ ರಾಣಿ’ ಎಂಬ ಬಿರುದು ಪಡೆದು, ಫೋನಿನಲ್ಲಿ ಕಿರೀಟ ಇಟ್ಟುಕೊಂಡಿದ್ದಳು.

ಅಂದು ಒಂದು ಹಾಸುಬಟ್ಟೆಯ ಅಂಚು ಹರಿದು ದಾರದಂತೆ ಜೋತುಬಿದ್ದಿತ್ತು. ಅದನ್ನು ರೋಲರಿಗೆ ಕೊಡುವಾಗ ಅವಳ ಬೆರಳಿಗೆ ತೊಡರಿಕೊಂಡಿತು. ಕೈ ಒಳಗೆ ಹೋಯಿತು. ಕೂಗುತ್ತಲೇ ಅವಳು ಬಲಗಡೆ, ಆಟದಲ್ಲಿ ಬಟನ್ ಇರುವ ಕಡೆಗೇ ಬಡಿದಳು. ಮತ್ತೆ ಮತ್ತೆ ಬಡಿದಳು. ನಗುಮುಖ ನಗುತ್ತಲೇ ಇತ್ತು. ಕೊನೆಗೆ ಹಬೆಯಜ್ಜ ಆ ವಯಸ್ಸಿನಲ್ಲಿ ಓಡಿಹೋಗಿ ಮೇನ್ ಸ್ವಿಚ್ ಎಳೆದ. ನಾನು ಅವಳನ್ನು ಹಿಡಿದುಕೊಂಡಿದ್ದೆ. ಸುಟ್ಟ ಚರ್ಮದ ವಾಸನೆ ಇನ್ನೂ ನನ್ನ ಮೂಗಿನಿಂದ ಹೋಗಿಲ್ಲ, ಮಾನ್ಯರೇ. ಇದನ್ನು ಬರೆಯುವಾಗ ನನಗೆ ವ್ಯಂಗ್ಯ ಹೊಳೆಯುತ್ತಿಲ್ಲ. ಹೊಟ್ಟೆ ಉರಿಯುತ್ತಿದೆ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ತಾವು ಅದನ್ನೂ ಹಾಕಲಿಲ್ಲ, ಬಾಗಿಲಿನ ಚಿತ್ರ ಕಳಿಸಿದಿರಿ. ‘ಬೆರಳು ಬಚಾವ್’ ಎಂಬ ಹೊಸ ಆಟ ಎಲ್ಲರ ಫೋನಿಗೂ ಬಂದಿದೆ. ಅವಳು ಆಸ್ಪತ್ರೆಯಲ್ಲಿ ಮಲಗಿದ್ದಾಗ ‘ನೀವು ಇಂದು ಆಡಿಲ್ಲ, ನಿಮ್ಮ ಕಿರೀಟ ಕೈತಪ್ಪಬಹುದು’ ಎಂಬ ಎಚ್ಚರಿಕೆಯೂ ಬಂತು. ಕೈತಪ್ಪುವುದಂತೆ! ಅವಳ ಮಂಚದ ಮೇಲಿದ್ದದ್ದು ನಮ್ಮ ಲಾಂಡ್ರಿಯದೇ ಹಾಸುಬಟ್ಟೆ. ತಮ್ಮ ಸಹಾಯಕರು ಹೂಗುಚ್ಛ ಹಿಡಿದು ಬಂದು, ಪಾಪ, ನಿಜವಾಗಿಯೂ ಬೇಜಾರು ಮಾಡಿಕೊಂಡೇ ನನ್ನನ್ನು ಕೇಳಿದರು: “ಆಟದಲ್ಲಿ ಅಷ್ಟು ಚೆನ್ನಾಗಿ ಮಾಡ್ತಿದ್ರಲ್ಲ, ಇಲ್ಲಿ ಯಾಕೆ ತಪ್ಪಿದ್ರು?”

ಅವಳು ತಪ್ಪಲಿಲ್ಲ. ತಾವು ಕಲಿಸಿದ್ದನ್ನು ಅಕ್ಷರಶಃ ಮಾಡಿದಳು. ನನ್ನ ಹಾಗೆ ಆಟ ಆಡದ ಸೋಮಾರಿಯಾಗಿದ್ದರೆ, ಬಟನ್ ಇಲ್ಲವೆಂಬುದೇ ನೆನಪಿದ್ದು, ಮೊದಲೇ ಅಜ್ಜನನ್ನು ಕೂಗುತ್ತಿದ್ದಳು. ಇರುವ ಯಂತ್ರವನ್ನು ಬಿಟ್ಟು ಇಲ್ಲದ ಯಂತ್ರವನ್ನು ಕಲಿಸುವುದಕ್ಕೆ ತರಬೇತಿ ಎನ್ನುತ್ತಾರೆಯೇ? ಆ ಆಟದೊಳಗೆ ಬಟನ್ ಬರೆಯಲು ಪುರುಸೊತ್ತಿದ್ದವರಿಗೆ ಯಂತ್ರಕ್ಕೆ ಒಂದನ್ನು ಹಾಕಿಸಲು ಏನು ಅಡ್ಡಿಯಾಗಿತ್ತು? ಉತ್ಸಾಹ ಕಡಿಮೆಯಿದೆಯೆಂದು ನಮ್ಮನ್ನು ಅಳೆಯುತ್ತೀರಲ್ಲ, ತಮ್ಮದನ್ನು ಅಳೆಯುವವರು ಯಾರು?

ಡಾಕ್ಟರು ಹೇಳಿದ್ದಾರೆ, ಎಡಗೈಯ ಎರಡು ಬೆರಳು ಇನ್ನು ಪೂರ್ತಿ ಮಡಚುವುದಿಲ್ಲ. ಅದರಲ್ಲಿ ಒಂದು ಉಂಗುರದ ಬೆರಳು. ಅಕ್ಕ ಅತ್ತಳು. ಡ್ರೈವರ್ ಹುಡುಗ ಉಂಗುರ ಯಾವ ಕೈಗಾದರೂ ಸರಿ ಎಂದ. ಅವನ ಮೇಲೆ ನನಗೆ ಗೌರವ ಬಂದದ್ದು ಅವತ್ತು. ಅವಳು ಮಾತ್ರ ಬೇರೆಯದನ್ನೇ ಕೇಳಿದಳು.

“ಚಿಕ್ಕಮ್ಮ, ಈಗ ನನ್ನ ಜಾಗದಲ್ಲಿ ಯಾರು ನಿಲ್ತಿದಾರೆ?”

“ನಾನೇ ಕಣೇ.”

ಅದಕ್ಕೆ ಅವಳು ಅಂದಳು: “ಹಾಗಾದ್ರೆ ಆ ಬಟನ್ ಹಾಕೋ ತನಕ ನನಗೆ ಉಂಗುರ ಬೇಡ.”

ಈಗ ನಮ್ಮ ಮನೆಯ ಎಂಗೇಜ್‌ಮೆಂಟ್ ತಮ್ಮ ಕೈಯಲ್ಲಿದೆ. ಆದ್ದರಿಂದ ನಮ್ಮ ಬೇಡಿಕೆ ಕೇಳಿ. ಆ ಸ್ಟಿಕ್ಕರನ್ನು ತಾವೇ ಬಂದು ಕೀಳಬೇಕು. ಆ ತೂತಿಗೆ, ಒತ್ತಿದರೆ ಯಂತ್ರ ನಿಲ್ಲುವಂಥ ಕೆಂಪು ಬಟನ್ ಹಾಕಿಸಿ, ನಮ್ಮೆದುರು ಒತ್ತಿ ತೋರಿಸಬೇಕು. ಚಪ್ಪಾಳೆ ನಾವೇ ತಟ್ಟುತ್ತೇವೆ. ಅಲ್ಲಿಯವರೆಗೆ, ಬರುವ ಸೋಮವಾರದಿಂದ, ಇಸ್ತ್ರಿ ವಿಭಾಗದ ಯಾರೂ ಆ ರೋಲರಿಗೆ ಒಂದು ಕರವಸ್ತ್ರವನ್ನೂ ಕೊಡುವುದಿಲ್ಲ. ಇಷ್ಟೊಂದು ಒಗ್ಗಟ್ಟು ನಮ್ಮಲ್ಲಿ ಮೂಡಿರುವುದನ್ನು ತಮ್ಮ ವಿಭಾಗದ ಸಾಧನೆಗೆ ಸೇರಿಸಿಕೊಳ್ಳಬಹುದು, ನಮ್ಮ ಅಭ್ಯಂತರವಿಲ್ಲ. ಬಟನ್ ಬಂದ ವಾರವೇ ಉಂಗುರ ತೊಡಿಸುತ್ತೇವೆ. ತಾವೂ ಬನ್ನಿ, ಚೆಂಡು ಮಾತ್ರ ತರಬೇಡಿ.

ಇಂತಿ,
ತಮ್ಮ ಆಟದಲ್ಲಿ ಒಂದು ನಕ್ಷತ್ರವನ್ನೂ ಗಳಿಸದ,
ಸದ್ಯಕ್ಕೆ ಹತ್ತು ಬೆರಳನ್ನೂ ಮಡಚಬಲ್ಲ,
ಸುರಕ್ಷಾ ರಾಣಿಯ ಚಿಕ್ಕಮ್ಮ